ಮುಗಿಸಿದ ಆಟಕ್ಕೆ ಮತ್ತೆ ಕೈಯಿಟ್ಟಾಗ

(ಶಿವಮೊಗ್ಗದಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



ಕತೆ ಹೇಳುವ ಮತ್ತು ಕೇಳುವ ಪರಂಪರೆಯ ಬಗ್ಗೆ ವರ್ಷಕ್ಕೊಂದು ಮಾತು ನಡೆಯಬೇಕು ಎಂಬುದು ಈ ದತ್ತಿಯ ಆಶಯ. ನನಗಿಂತ ಮೊದಲು ಇಲ್ಲಿ ನಿಂತವರು ಹಳಗನ್ನಡ ಕಾವ್ಯ, ಜನಪದ ಕಥನಗೀತೆ, ಸಣ್ಣಕತೆ ಇವುಗಳ ಮೇಲೆ ಮಾತಾಡಿದ್ದಾರೆ. ನಾನು ಆರಿಸಿಕೊಂಡಿರುವುದು ಒಂದು ವಿಡಿಯೊ ಗೇಮ್. ಅದರ ಹೆಸರು ‘ಕ್ರೋನೋ ಟ್ರಿಗರ್’. ಜಪಾನಿನ ಸ್ಕ್ವೇರ್ ಕಂಪನಿ 1995ರ ಮಾರ್ಚ್ 11ರಂದು ಸೂಪರ್ ಫ್ಯಾಮಿಕಾಮ್ ಎಂಬ ಯಂತ್ರಕ್ಕಾಗಿ ಹೊರತಂದ ಆಟ. ಹದಿಹರೆಯದಲ್ಲಿ ಆಡಿ ಮುಗಿಸಿದ್ದ ಅದನ್ನು ನಲವತ್ತರ ಹತ್ತಿರ ಬಂದಾಗ ಮತ್ತೆ ಆಡಿದೆ. ಆ ಎರಡನೆಯ ಆಟದಲ್ಲಿ ಕಂಡದ್ದನ್ನು ನಿಮ್ಮ ಮುಂದಿಡುತ್ತೇನೆ. ಗೊತ್ತಿರುವ ಕತೆಯನ್ನು ಮತ್ತೆ ಕೇಳುವುದು ಮಲೆನಾಡಿಗೆ ಹೊಸದಲ್ಲ. ಗೊತ್ತಿರುವ ಕತೆಯನ್ನು ನಮ್ಮ ಕೈಯಿಂದಲೇ ಮತ್ತೆ ನಡೆಸುವುದು ಬೇರೆಯೇ ಅನುಭವ. ಸಾಹಿತ್ಯದ ವಿದ್ಯಾರ್ಥಿಗಳು ಅದಕ್ಕೆ ಗಮನ ಕೊಡಬೇಕು ಎಂಬುದು ನನ್ನ ವಾದ.

ಈ ಬಗೆಯ ಆಟ ಆಡದವರು ಸಭೆಯಲ್ಲಿ ಬಹಳ ಜನ ಇರಬಹುದು. ಆರ್‌ಪಿಜಿ ಎಂದು ಕರೆಯುವ ಇವು ಓಡುವ, ಹಾರುವ, ಗುಂಡು ಹೊಡೆಯುವ ಆಟಗಳಲ್ಲ. ಇವುಗಳಲ್ಲಿ ಒಂದು ದೊಡ್ಡ ಕತೆ ಇರುತ್ತದೆ. ಊರೂರು ಅಲೆದು ಜನರನ್ನು ಮಾತಾಡಿಸಬೇಕು, ಜೊತೆಗಾರರನ್ನು ಸಂಪಾದಿಸಬೇಕು, ಕಾದಾಡಿ ಬಲಗೊಳ್ಳಬೇಕು. ಒಂದೇ ಸಲ ಕೂತರೆ ಮುಗಿಯುವುದಿಲ್ಲ. ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಐವತ್ತು ಗಂಟೆ ಬೇಕು. ಆದ್ದರಿಂದ ಎಲ್ಲಿ ನಿಲ್ಲಿಸಿದೆವು ಎಂಬುದನ್ನು ಆಟ ನೆನಪಿಟ್ಟುಕೊಳ್ಳಲೇಬೇಕು. ಟಿವಿಗೆ ಹಚ್ಚಿ ಆಡುವ ಯಂತ್ರಗಳಲ್ಲಿ ಈ ಬಗೆಯನ್ನು ಜನಪ್ರಿಯಗೊಳಿಸಿದ್ದು 1986ರ ಮೇ ತಿಂಗಳಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್’. ಅದರ ಕ್ಯಾಸೆಟ್ಟಿನಲ್ಲಿ ನೆನಪಿಟ್ಟುಕೊಳ್ಳುವ ವ್ಯವಸ್ಥೆಯೇ ಇರಲಿಲ್ಲ. ನಿಲ್ಲಿಸುವಾಗ ಪರದೆಯ ಮೇಲೆ ಜಪಾನಿ ಲಿಪಿಯ 20 ಅಕ್ಷರಗಳ ಒಂದು ಸಾಲು ಬರುತ್ತಿತ್ತು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮುಂದಿನ ಸಲ ಹಾಗೆಯೇ ತುಂಬಬೇಕು. ಒಂದು ಅಕ್ಷರ ತಪ್ಪಿದರೂ ಪಟ್ಟ ಶ್ರಮವೆಲ್ಲ ಹೋಯಿತು. 1988ರಲ್ಲಿ ಬಂದ ಮೂರನೆಯ ಭಾಗದಲ್ಲಿ ಕ್ಯಾಸೆಟ್ಟಿನೊಳಗೇ ನಾಣ್ಯದ ಗಾತ್ರದ ಒಂದು ಬ್ಯಾಟರಿ ಕೂಡಿಸಿದರು. ಆ ಬ್ಯಾಟರಿಗೆ ಜೀವ ಇರುವವರೆಗೆ ನೀವು ಆಡಿದ್ದು ಅದರೊಳಗೆ ಉಳಿಯುತ್ತದೆ. ಬ್ಯಾಟರಿಯ ಮಾತಿಗೆ ಕೊನೆಯಲ್ಲಿ ಮತ್ತೆ ಬರಬೇಕಾಗುತ್ತದೆ.

‘ಡ್ರ್ಯಾಗನ್ ಕ್ವೆಸ್ಟ್’ನ ಕತೆ ಕಟ್ಟಿದವರು ಯೂಜಿ ಹೊರೀ, ಅದರ ಪಾತ್ರಗಳ ಚಿತ್ರ ಬರೆದವರು ಅಕಿರ ತೊರಿಯಾಮ. ಅದಕ್ಕೆ ಪೈಪೋಟಿಯಾಗಿ ನಿಂತ ‘ಫೈನಲ್ ಫ್ಯಾಂಟಸಿ’ಯನ್ನು 1987ರಲ್ಲಿ ಕಟ್ಟಿದವರು ಹಿರೊನೊಬು ಸಕಗುಚಿ. ಎದುರಾಳಿ ಮನೆಗಳ ಈ ಮೂವರು ಕೂಡಿ ಮಾಡಿದ ಆಟ ‘ಕ್ರೋನೋ ಟ್ರಿಗರ್’. ಕತೆಯ ಬಹುಭಾಗ ಬರೆದವರು ಮಸಾತೊ ಕಾಟೊ. 1000ನೇ ಇಸವಿಯ ಗಾರ್ಡಿಯಾ ಎಂಬ ರಾಜ್ಯದಲ್ಲಿ ಸಾವಿರ ವರ್ಷದ ಜಾತ್ರೆ ನಡೆಯುತ್ತಿದೆ. ಕ್ರೋನೋ ಎಂಬ ಹುಡುಗ ಅಲ್ಲಿಗೆ ಹೋಗುತ್ತಾನೆ. ಗೆಳತಿ ಲೂಕ ಕಟ್ಟಿದ ಯಂತ್ರ ಕೈಕೊಟ್ಟು, ಜಾತ್ರೆಯಲ್ಲಿ ಪರಿಚಯವಾದ ಮಾರ್ಲ್ ಎಂಬ ಹುಡುಗಿ ನಾನೂರು ವರ್ಷ ಹಿಂದಕ್ಕೆ ಹೋಗಿಬಿಡುತ್ತಾಳೆ. ಅವಳನ್ನು ಕರೆತರಲು ಹೊರಟವರು ಮುಂದೆ 2300ನೇ ಇಸವಿಗೂ ಬೀಳುತ್ತಾರೆ. ಅಲ್ಲಿ ಭೂಮಿ ಬೂದಿಯಾಗಿದೆ. 1999ರಲ್ಲಿ ಲಾವೋಸ್ ಎಂಬ ಜೀವಿ ನೆಲದಡಿಯಿಂದ ಎದ್ದು ಎಲ್ಲವನ್ನೂ ಸುಟ್ಟಿತು ಎಂದು ಗೊತ್ತಾಗುತ್ತದೆ. ತಾವು ಹುಟ್ಟಿದ ಕಾಲಕ್ಕೆ ಇನ್ನೂ ಸಾವಿರ ವರ್ಷ ದೂರ ಇರುವ ಆಪತ್ತನ್ನು ತಡೆಯಲು ಈ ಮಕ್ಕಳು ನಿರ್ಧರಿಸುತ್ತಾರೆ. ತಾವು ನೋಡಲಾರದ ಜನರಿಗಾಗಿ ಹೊರಡುತ್ತಾರೆ. ಹದಿನಾರರಲ್ಲಿ ನನಗೆ ಇದು ಸಾಹಸವಾಗಿ ಮಾತ್ರ ಕಂಡಿತ್ತು.

ನಾನು ಇಲ್ಲಿಯ ರಾಗಿಗುಡ್ಡದವನು. ನಮ್ಮ ಬೀದಿಯ ಒಂದೆರಡು ಮನೆಗಳಲ್ಲಿ ಟಿವಿ ಗೇಮ್ ಇತ್ತು. ಹಳದಿ ಕ್ಯಾಸೆಟ್ಟಿನ ಮೇಲೆ ‘9999 ಆಟ’ ಎಂದು ಅಚ್ಚು ಹಾಕಿರುತ್ತಿತ್ತು. ಒಳಗಿರುತ್ತಿದ್ದದ್ದು ಬೆರಳೆಣಿಕೆಯ ಆಟಗಳು. ಮಾರಿಯೊ, ಕಾಂಟ್ರಾ ಎಲ್ಲ ಬಂದವು. ಕತೆಯ ಆಟ ಬರಲಿಲ್ಲ. ಅದು ಸಿಕ್ಕಿದ್ದು ದುರ್ಗಿಗುಡಿಯ ಕಡೆಯ ಒಂದು ಸೈಬರ್ ಸೆಂಟರಿನಲ್ಲಿ. ಆ ಕಾಲದಲ್ಲಿ ಹಳೆಯ ಯಂತ್ರಗಳನ್ನು ಕಂಪ್ಯೂಟರಿನೊಳಗೆ ಅನುಕರಿಸಬಲ್ಲ ಎಮ್ಯುಲೇಟರ್ ತಂತ್ರಾಂಶಗಳು ಹರಡಿದ್ದವು. ಯಾರೋ ‘ಕ್ರೋನೋ ಟ್ರಿಗರ್’ ಹಾಕಿಟ್ಟುಹೋಗಿದ್ದರು. ಇಡೀ ಆಟ 4 ಎಂಬಿ, ಆಡಿದ ನೆನಪಿನ ಫೈಲು 8 ಕೆಬಿ. ಆ 8 ಕೆಬಿಯನ್ನು ಫ್ಲಾಪಿಗೆ ಹಾಕಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆವು. ಆಟದಲ್ಲಿ ಮೂರು ಖಾನೆ. ಒಂದು ನನ್ನದು, ಒಂದು ಭದ್ರಾವತಿಯಿಂದ ಕಾಲೇಜಿಗೆ ಬರುತ್ತಿದ್ದ ಗೆಳೆಯನದು, ಮೂರನೆಯದು ಇಬ್ಬರಿಗೂ ಸೇರಿದ್ದು. ಅವನ ತಂದೆಗೆ ಅಲ್ಲಿಯ ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್‌ನಲ್ಲಿ ಕೆಲಸ, ಮನೆ ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ. ನಾಯಕನಿಗೆ ನಾವೇ ಹೆಸರಿಡಬಹುದಿತ್ತು, ಐದೇ ಇಂಗ್ಲಿಷ್ ಅಕ್ಷರಕ್ಕೆ ಜಾಗ. ಸೇರಿ ಆಡುವ ಖಾನೆಯಲ್ಲಿ ಅವನಿಗೆ ‘ಗುಡ್ಡ’ ಎಂದು ಇಟ್ಟೆವು. ಸೈಬರಿನಲ್ಲಿ ಗಂಟೆಗಿಷ್ಟು ಎಂದು ದುಡ್ಡು. ಹೀಗಾಗಿ ಮಾತು ಬಂದಲ್ಲೆಲ್ಲ ಗುಂಡಿ ಒತ್ತಿ ದಾಟಿಸುತ್ತಿದ್ದೆವು, ಕಾಳಗಕ್ಕೆ ಮಾತ್ರ ನಿಲ್ಲುತ್ತಿದ್ದೆವು. ನನ್ನ ಮೊದಲ ಓದನ್ನು ಜೇಬಿನಲ್ಲಿದ್ದ ಕಾಸು ನಿರ್ಧರಿಸಿತ್ತು.

2024ರ ಮಾರ್ಚ್ 1ರಂದು ತೊರಿಯಾಮ ತೀರಿಕೊಂಡರು. ‘ಡ್ರ್ಯಾಗನ್ ಬಾಲ್’ ಬರೆದ ಕೈ ಅದು ಎಂದರೆ ಇಲ್ಲಿ ಕೂತಿರುವ ಮಕ್ಕಳಿಗೂ ಗೊತ್ತಾಗುತ್ತದೆ. ಆ ಸುದ್ದಿ ಕೇಳಿದ ಮೇಲೆ ‘ಕ್ರೋನೋ ಟ್ರಿಗರ್’ ಮತ್ತೆ ಆಡಬೇಕೆನ್ನಿಸಿತು. ಈಗ ಅದು ಫೋನಿನಲ್ಲೂ ಕಂಪ್ಯೂಟರಿನಲ್ಲೂ ಕ್ರಯಕ್ಕೆ ಸಿಗುತ್ತದೆ. ನನ್ನ ಕೈಗೆ ಬಂದದ್ದು 2008ರಲ್ಲಿ ನಿಂಟೆಂಡೊ ಡಿಎಸ್ ಎಂಬ ಕೈಯಂತ್ರಕ್ಕೆ ಹೊರಬಂದ ರೂಪ. ಹೊರದೇಶದಲ್ಲಿರುವ ಅಕ್ಕನ ಮಗ ರಜೆಗೆ ಬಂದಾಗ ಯಂತ್ರವನ್ನೂ ಆಟವನ್ನೂ ನನಗೇ ಬಿಟ್ಟುಹೋದ. ಈ ಸಲ ಗಂಟೆಯ ಲೆಕ್ಕ ಇರಲಿಲ್ಲ. ಪ್ರತಿಯೊಂದು ಮಾತನ್ನೂ ಓದಿದೆ.

ಈಗ ನಮ್ಮ ಕಡೆಯ ಕೇಳುಗರ ವಿಷಯಕ್ಕೆ ಬರುತ್ತೇನೆ. ಇಲ್ಲಿಂದ ಸ್ವಲ್ಪ ದೂರದಲ್ಲಿ ತುಂಗೆಯ ದಂಡೆಯ ಮೇಲೆ ಹೊಸಹಳ್ಳಿ ಇದೆ. ಗಮಕಕ್ಕೆ ಹೆಸರಾದ ಊರು, ಅಲ್ಲಿಯ ಎಚ್.ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಗಮಕ ಕೇಳಲು ಕೂತವರಲ್ಲಿ ಕರ್ಣ ಉಳಿಯುತ್ತಾನೋ ಇಲ್ಲವೋ ಎಂಬ ಕುತೂಹಲ ಯಾರಿಗೂ ಇರುವುದಿಲ್ಲ. ಕುಮಾರವ್ಯಾಸನ ಹತ್ತು ಪರ್ವಗಳಲ್ಲಿ ಯಾರು ಎಲ್ಲಿ ಬೀಳುತ್ತಾರೆ ಎಂಬುದು ಅಜ್ಜಿಯಂದಿರಿಗೆ ಬಾಯಿಪಾಠ. ಆದರೂ ಕಣ್ಣೊರೆಸಿಕೊಳ್ಳುತ್ತಾರೆ. ಪದ್ಯ ಅದೇ, ರಾಗ ಬೇರೆ; ಗಮಕಿ ಯಾವ ಪದದ ಮೇಲೆ ನಿಂತ, ವ್ಯಾಖ್ಯಾನ ಮಾಡುವವರು ಎಲ್ಲಿಗೆ ಕೊಂಡೊಯ್ದರು ಎಂಬುದರಲ್ಲಿ ಆ ಸಂಜೆಯ ಹೊಸತನ ಇರುತ್ತದೆ. ಘಟ್ಟ ಹತ್ತಿ ಬರುವ ಮಂದಾರ್ತಿ ಮೇಳದ ಹರಕೆ ಆಟವನ್ನೂ ನೆನೆಯಿರಿ. ಅದೇ ಕ್ಷೇತ್ರ ಮಹಾತ್ಮೆಯನ್ನು ಊರಿನವರು ಎಷ್ಟು ಸಲ ನೋಡಿರುತ್ತಾರೋ. ಪ್ರಸಂಗದ ಪದ್ಯ ಅಚ್ಚಾಗಿದೆ; ಅರ್ಥ ಮಾತ್ರ ವೇಷಧಾರಿಯ ಬಾಯಲ್ಲಿ ಆ ರಾತ್ರಿ ಹುಟ್ಟುತ್ತದೆ. ಹೀಗೆ ಗಮಕದಲ್ಲಿ ರಾಗ ಬದಲಾಗುತ್ತದೆ, ಯಕ್ಷಗಾನದಲ್ಲಿ ಮಾತು ಬದಲಾಗುತ್ತದೆ.

ವಿಡಿಯೊ ಗೇಮಿನಲ್ಲಿ ಎರಡೂ ಬದಲಾಗುವುದಿಲ್ಲ. ಸಂಗೀತಗಾರ ಯಾಸುನೊರಿ ಮಿತ್ಸುದ ಕಟ್ಟಿದ ರಾಗ 1995ರಲ್ಲಿ ಹೇಗಿತ್ತೋ ಇವತ್ತೂ ಹಾಗೇ ಇದೆ, ಅನುವಾದದ ಮಾತು ಅಲ್ಲಲ್ಲಿ ತಿದ್ದಿಸಿಕೊಂಡಿದ್ದರೂ ಸಂದರ್ಭ ಅದೇ. ಬದಲಾಗುವುದು ಗುಂಡಿಯ ಮೇಲಿರುವ ಕೈ ಒಂದೇ. ಗಮಕ ಕೇಳುವವನು ಕರ್ಣನ ಸಾವಿಗೆ ಸಾಕ್ಷಿ; ಆ ಸಾವಿನಲ್ಲಿ ಅವನ ಕೈವಾಡ ಇಲ್ಲ. ಆಡುವವನ ಸ್ಥಿತಿ ಹಾಗಲ್ಲ. ಮುಂದೆ ಏನಾಗುತ್ತದೆಂದು ಗೊತ್ತಿದ್ದೂ ಪಾತ್ರವನ್ನು ಅಲ್ಲಿಗೆ ನಡೆಸಿಕೊಂಡು ಹೋಗುವವನು ಅವನೇ. ಎರಡು ಪ್ರಸಂಗಗಳಲ್ಲಿ ಇದನ್ನು ಬಿಡಿಸಿ ತೋರಿಸುತ್ತೇನೆ.

ಮೊದಲನೆಯದು ನ್ಯಾಯಾಲಯ. ಆಟದ ಆರಂಭದ ಜಾತ್ರೆಯಲ್ಲಿ ಕ್ರೋನೋ ಮಾರ್ಲ್‌ಗೆ ಡಿಕ್ಕಿ ಹೊಡೆಯುತ್ತಾನೆ. ಅವಳ ಪದಕ ನೆಲಕ್ಕೆ ಬೀಳುತ್ತದೆ. ನೀವು ಮೊದಲು ಅವಳನ್ನು ವಿಚಾರಿಸುತ್ತೀರೋ, ಪದಕಕ್ಕೆ ಕೈ ಹಾಕುತ್ತೀರೋ? ಒಂದು ಮೇಜಿನ ಮೇಲೆ ಯಾರದೋ ಊಟ ಇದೆ, ತಿಂದರೆ ತಡೆಯುವವರಿಲ್ಲ. ಒಂದು ಪುಟ್ಟ ಹುಡುಗಿಯ ಬೆಕ್ಕು ಕಳೆದಿದೆ. ಮಾರ್ಲ್ ಮಿಠಾಯಿ ಆರಿಸಲು ನಿಂತಾಗ ಸುಮ್ಮನೆ ಕಾಯಬೇಕು. ಈ ಯಾವುದಕ್ಕೂ ಆಟ ಅಂಕ ಕೊಡುವುದಿಲ್ಲ. ಬಹಳ ಹೊತ್ತಿನ ಮೇಲೆ, ಆ ರಾಜ್ಯದ ರಾಜಕುಮಾರಿಯೇ ಆಗಿದ್ದ ಮಾರ್ಲ್‌ಳನ್ನು ಅಪಹರಿಸಿದ ಆರೋಪದ ಮೇಲೆ ಕ್ರೋನೋನನ್ನು ಕಟಕಟೆಗೆ ನಿಲ್ಲಿಸುತ್ತಾರೆ. ಆಗ ಸಾಕ್ಷಿಗಳು ಒಬ್ಬೊಬ್ಬರಾಗಿ ಬರುತ್ತಾರೆ: ಊಟ ಕಳೆದುಕೊಂಡ ಮುದುಕ ಬರಬಹುದು, ಬೆಕ್ಕು ಸಿಕ್ಕ ಹುಡುಗಿ ಬರಬಹುದು. ನೀವು ಆಟವೆಂದು ಮಾಡಿದ್ದು ನಡತೆಯೆಂದು ದಾಖಲಾಗಿತ್ತು. 1995ರ ಒಂದು ಆಟ ಇದನ್ನು ಯೋಚಿಸಿತ್ತು ಎಂಬುದು ಇವತ್ತಿಗೂ ನನಗೆ ದೊಡ್ಡ ವಿಸ್ಮಯ.

ಎರಡನೆಯ ಸಲ ಜಾತ್ರೆಗೆ ಹೋದಾಗ ಎಲ್ಲವೂ ಗೊತ್ತು. ಕೈ ತಾನಾಗಿ ಸಭ್ಯವಾಗುತ್ತದೆ: ಬೆಕ್ಕು ಹುಡುಕುತ್ತದೆ, ಊಟದ ಮೇಜನ್ನು ಸುತ್ತಿ ಹೋಗುತ್ತದೆ, ಮಿಠಾಯಿಯ ಅಂಗಡಿಯ ಮುಂದೆ ಅಲುಗಾಡದೆ ನಿಲ್ಲುತ್ತದೆ. ಇದು ಒಳ್ಳೆಯತನವೋ, ನೋಡುವವರಿದ್ದಾರೆಂಬ ಎಚ್ಚರವೋ? ಆ ಪ್ರಶ್ನೆ ಮೊದಲ ಸಲ ಏಳಲು ಸಾಧ್ಯವೇ ಇಲ್ಲ. ಇನ್ನೊಂದು ಸಂಗತಿ ಇದೆ, ಅದನ್ನೂ ಎರಡನೆಯ ಸಲವೇ ಗಮನಿಸಿದೆ. ತೀರ್ಪುಗಾರರು ನಿರ್ದೋಷಿ ಎಂದರೂ ಕ್ರೋನೋಗೆ ಬಿಡುಗಡೆ ಇಲ್ಲ. ಮಂತ್ರಿ ತೀರ್ಪನ್ನು ಬದಿಗಿಟ್ಟು ಮರಣದಂಡನೆಯ ಏರ್ಪಾಡು ಮಾಡುತ್ತಾನೆ. ಊಟ ಕದಿಯದವನಿಗೂ ಅದೇ ಸೆರೆಮನೆ. ಹಾಗಾದರೆ ಆ ಸಾಕ್ಷಿಗಳೆಲ್ಲ ಏಕೆ ಬಂದರು? ನನಗನ್ನಿಸುವುದು, ಆಟ ನಡತೆಗೂ ಫಲಕ್ಕೂ ಇರುವ ಕೊಂಡಿಯನ್ನು ಬೇಕೆಂದೇ ಕಡಿದಿದೆ. ಇದು ಗೊತ್ತಾದ ಮೇಲೂ ಬೆಕ್ಕನ್ನು ಹುಡುಕಿಕೊಡುವ ಕೈ ಯಾವುದಕ್ಕಾಗಿ ಹುಡುಕುತ್ತದೆ? ಹರಿಶ್ಚಂದ್ರನ ಕತೆ ಕೇಳಿ ಬೆಳೆದ ನಾವು ಈ ಪ್ರಶ್ನೆಯನ್ನು ಗುರುತಿಸಬಲ್ಲೆವು.

ಎರಡನೆಯದು ಕ್ರೋನೋನ ಸಾವು. ಹೌದು, ಕತೆಯ ನಡುವೆ ನಾಯಕ ಸಾಯುತ್ತಾನೆ. ಸಮುದ್ರದ ತಳದ ಅರಮನೆಯಲ್ಲಿ ಲಾವೋಸ್ ಎದುರಾದಾಗ ಗೆಳೆಯರನ್ನು ಉಳಿಸಲು ಮುಂದೆ ಬಂದು ಕಣ್ಮರೆಯಾಗುತ್ತಾನೆ. ಅಲ್ಲಿಯವರೆಗೆ ಅವನು ಮಾತಾಡಿದ್ದೇ ಇಲ್ಲ ಎನ್ನಬಹುದು. ಅವನ ಮಾತೆಲ್ಲ ನಮ್ಮ ಕೈಯದಾಗಿತ್ತು. ಎರಡನೆಯ ಸಲ ಆ ಅರಮನೆಯ ಮೆಟ್ಟಿಲು ಇಳಿಸುತ್ತಾ ಇಳಿಸುತ್ತಾ ನಿಧಾನವಾದೆ. ಬೇಡದ ಕೋಣೆಗಳಿಗೆ ಹೊಕ್ಕೆ, ಬೇಡದ ಕಾಳಗ ಮಾಡಿದೆ. ಆಟ ಕಾಯುತ್ತದೆ, ಅವಸರ ಮಾಡುವುದಿಲ್ಲ. ನೀವು ಮುಂದೆ ಹೆಜ್ಜೆ ಇಡದಿದ್ದರೆ ಅವನು ಸಾಯುವುದೇ ಇಲ್ಲ. ಆದರೆ ಕತೆಯೂ ಅಲ್ಲೇ ನಿಲ್ಲುತ್ತದೆ. ಮುಂದೆ ಅವನನ್ನು ಮರಳಿ ತರಬಹುದು. ತರದೆಯೇ, ಅವನಿಲ್ಲದೆಯೇ, ಉಳಿದವರು ಲಾವೋಸನನ್ನು ಸೋಲಿಸಿ ಕತೆ ಮುಗಿಸಲೂ ಬಹುದು. ಅವನನ್ನು ತರುವ ಕೆಲಸವನ್ನು ಆಟ ಕಡ್ಡಾಯ ಮಾಡಿಲ್ಲ, ಗೆಳೆತನಕ್ಕೆ ಬಿಟ್ಟಿದೆ.

ಎರಡನೆಯ ಸಲ ಎಲ್ಲವೂ ಹಿರಿದಾಗಿ ಕಾಣಲಿಲ್ಲ. ಕಾಳಗಗಳು ನನಗೆ ತೆಳುವಾಗಿ ಕಂಡವು. ಒಂದೇ ಬಗೆಯ ಎದುರಾಳಿಗಳು, ಒಂದೇ ಉಪಾಯ. ಆರೂವರೆ ಕೋಟಿ ವರ್ಷ ಹಿಂದಿನ ಆಯ್ಲಾ ಎಂಬ ನಾಯಕಿಯನ್ನು ಬರೆದ ರೀತಿಯಲ್ಲಿ ಹುಡುಗರ ಕಣ್ಣನ್ನು ಮೆಚ್ಚಿಸುವ ಆಸೆ ಇದೆ. ಗುಂಪಿನ ಮುಖ್ಯಸ್ಥೆಯಾದ ಅವಳಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಲ್ಲಬೇಕಿತ್ತು. ಸಂಗೀತ ಮಾತ್ರ ಇನ್ನೂ ಎತ್ತರಕ್ಕೆ ಹೋಗಿದೆ. ಯಾಸುನೊರಿ ಮಿತ್ಸುದ ಆಗ ಇಪ್ಪತ್ತರ ಹರೆಯದ ಹುಡುಗ. ಕಂಪನಿಯಲ್ಲಿ ಸದ್ದುಗಳನ್ನು ತಯಾರಿಸುವ ಕೆಲಸ ಕೊಟ್ಟಿದ್ದರು. ಸಂಗೀತ ಕಟ್ಟಲು ಬಿಡದಿದ್ದರೆ ಕೆಲಸ ಬಿಡುತ್ತೇನೆ ಎಂದು ಸಕಗುಚಿಗೆ ಹೇಳಿ ಈ ಅವಕಾಶ ಪಡೆದ. ಹಗಲು ರಾತ್ರಿ ದುಡಿದು ಹೊಟ್ಟೆಯ ಹುಣ್ಣು ಹತ್ತಿಸಿಕೊಂಡ. ನಡುವೆ ಹಾರ್ಡ್ ಡಿಸ್ಕ್ ಕೆಟ್ಟು, ಕಟ್ಟುತ್ತಿದ್ದ ಹಲವು ರಚನೆಗಳು ಕಳೆದುಹೋದವು. ಉಳಿದದ್ದನ್ನು ‘ಫೈನಲ್ ಫ್ಯಾಂಟಸಿ’ಯ ಹಿರಿಯ ಸಂಗೀತಗಾರ ನೊಬುವೊ ಉಯೆಮಾತ್ಸು ಮುಗಿಸಿಕೊಟ್ಟರು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ಭಾಗ. 600ನೇ ಇಸವಿಯಲ್ಲಿ ಫಿಯೋನ ಎಂಬ ಹೆಂಗಸು ಇದ್ದಾಳೆ. ಅವಳ ಮನೆಯ ಸುತ್ತ ಮರಳುಗಾಡು. ಅಲ್ಲಿ ಮತ್ತೆ ಕಾಡು ಬೆಳೆಸಬೇಕೆಂಬುದು ಅವಳ ಆಸೆ. ನೆಲದಡಿಯಲ್ಲಿ ಒಂದು ರಾಕ್ಷಸ ಜೀವಿ ಸೇರಿಕೊಂಡಿದೆ, ಅದು ಇರುವವರೆಗೆ ಏನೂ ಚಿಗುರುವುದಿಲ್ಲ. ಸಾಮಾನ್ಯವಾಗಿ ಆಟಗಳು ರಾಕ್ಷಸನನ್ನು ಕೊಂದಲ್ಲಿಗೆ ಕೆಲಸ ಮುಗಿಯಿತು ಎನ್ನುತ್ತವೆ. ಇಲ್ಲಿ ಹಾಗಲ್ಲ. ಕೊಂದ ಮೇಲೂ ನೆಲ ಮರಳಾಗಿಯೇ ಇದೆ. ಕಾಡಿಗೆ ನೂರಾರು ವರ್ಷ ಬೇಕು, ಫಿಯೋನಳಿಗೆ ಅಷ್ಟು ಆಯುಸ್ಸಿಲ್ಲ. ಆಗ ನಮ್ಮ ಗುಂಪಿನಲ್ಲಿರುವ ರೋಬೊ ಎಂಬ ಯಂತ್ರಮಾನವ ತಾನು ಉಳಿಯುತ್ತೇನೆ ಎನ್ನುತ್ತಾನೆ. ನಾವು ಅವನನ್ನು ಅಲ್ಲೇ ಬಿಟ್ಟು, ಕಾಲದಲ್ಲಿ ಓಡಾಡುವ ವಿಮಾನ ಹತ್ತಿ, ಗುಂಡಿ ಒತ್ತಿ 1000ನೇ ಇಸವಿಗೆ ಬರುತ್ತೇವೆ. ನಮಗೆ ಅರೆ ನಿಮಿಷ, ರೋಬೊಗೆ ನಾನೂರು ವರ್ಷ. ಮರಳಿದ್ದಲ್ಲಿ ಕಾಡು ನಿಂತಿದೆ. ಕಾಡಿನ ನಡುವೆ ಫಿಯೋನಳ ಹೆಸರಿನ ಗುಡಿ. ಅದರೊಳಗೆ ತುಕ್ಕು ಹಿಡಿದು ಓಡಾಟ ನಿಂತ ರೋಬೊ.

ಹದಿನಾರರಲ್ಲಿ, ಸೈಬರಿನ ಗಡಿಯಾರದ ಅಡಿಯಲ್ಲಿ, ಈ ಭಾಗವನ್ನು ದಾಟಿ ಹೋಗಿದ್ದೆವು. ಈ ಸಲ ಭದ್ರಾವತಿಯ ಗೆಳೆಯ ಒಂದು ಭಾನುವಾರ ಮನೆಗೆ ಬಂದಿದ್ದಾಗ ಅದೇ ಭಾಗ ನಡೆಯುತ್ತಿತ್ತು. ಪಕ್ಕದಲ್ಲಿ ಕೂತು ನೋಡಿದವನು, “ಎಂತ ಮಾರಾಯ, ನಾನೂರು ವರ್ಷ ಇಷ್ಟು ಬೇಗ ಆಯ್ತಾ?” ಎಂದ. ಸ್ವಲ್ಪ ಹೊತ್ತಾದ ಮೇಲೆ, “ಅವನಿಗೆ ಆಗ್ಲಿಲ್ಲ ಅಲ್ವಾ” ಎಂದ.

ಆಡುವವನು ದಾಟಿ ಹೋದ ಆ ನಡುವಿನ ಕಾಲದಲ್ಲಿಯೇ ನಿಜವಾದ ಕೆಲಸ ನಡೆದಿದೆ. ಆಟ ಅದನ್ನು ತೋರಿಸುವುದಿಲ್ಲ, ತೋರಿಸಲಾರದು. ಆದರೆ ಆಡಿದವನ ಬದುಕಿನಲ್ಲೂ ಇಪ್ಪತ್ತು ಚಿಲ್ಲರೆ ವರ್ಷ ಕಳೆದ ಮೇಲೆ ಆ ದಾಟಿದ ಜಾಗದಲ್ಲಿ ಏನಿತ್ತೆಂದು ಊಹಿಸಲು ಬರುತ್ತದೆ. ನಮ್ಮ ಜಿಲ್ಲೆಯವರಿಗಂತೂ ಇದು ದೂರದ ಊಹೆಯಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ 1923ರಲ್ಲಿ ಹೊತ್ತಿದಾಗ ಅದಕ್ಕೆ ಹಾಕಿದ್ದು ಇದ್ದಿಲು, ಆ ಇದ್ದಿಲಿಗೆ ಸೌದೆ ಬಂದದ್ದು ಸುತ್ತಲ ಕಾಡುಗಳಿಂದ. ಕಾಗದದ ಕಾರ್ಖಾನೆ ಎಂಪಿಎಂಗಾಗಿ ಸುಮಾರು ಇಪ್ಪತ್ತು ಸಾವಿರ ಹೆಕ್ಟೇರು ಅರಣ್ಯಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟರು. ಅಕೇಶಿಯ, ನೀಲಗಿರಿ ನೆಟ್ಟರು. ಕಾರ್ಖಾನೆ ಕೆಲಸ ನಿಲ್ಲಿಸಿತು, 2020ರಲ್ಲಿ ಗುತ್ತಿಗೆಯ ಅವಧಿ ಮುಗಿಯಿತು. ಆ ನೆಲದಲ್ಲಿ ಮತ್ತೆ ಅಕೇಶಿಯ ಬೇಡ, ಸಹಜ ಕಾಡು ಬೆಳೆಯಲು ಬಿಡಿ ಎಂದು ಮಲೆನಾಡಿನ ಜನ ದನಿ ಎತ್ತಿದರು. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದಾಗ ಕಾರ್ಮಿಕರು ಬೀದಿಗಿಳಿದರು. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ಬದುಕುವವರು ನಾವು. ಕಾರ್ಖಾನೆ ಗೆಳೆಯನ ಮನೆಗೆ ಅನ್ನ ಕೊಟ್ಟಿದೆ, ಅದರ ಕುಲುಮೆ ಕಾಡನ್ನು ತಿಂದಿದೆ. ಯಾರನ್ನು ರಾಕ್ಷಸ ಎನ್ನುವುದು? ರಾಕ್ಷಸನನ್ನು ಕೊಂದರೆ ಕಾಡು ಬರುವುದಿಲ್ಲ, ಯಾರೋ ಒಬ್ಬರು ಅಲ್ಲಿ ಉಳಿದು ಬಹುಕಾಲ ಕೆಲಸ ಮಾಡಬೇಕು ಎಂದು ಈ ಆಟ ಹೇಳುವುದು ನನಗೆ ಬಹಳ ಪ್ರಾಮಾಣಿಕವಾಗಿ ಕಾಣುತ್ತದೆ.

ಇದೇ ದೃಷ್ಟಿಯ ಒಂದು ಸಣ್ಣ ಪ್ರಸಂಗವೂ ಇದೆ. 1000ನೇ ಇಸವಿಯ ಪೋರ್ ಎಂಬ ಊರಿನ ಮುಖ್ಯಸ್ಥ ಕಡು ಜಿಪುಣ. ನಮಗೆ ಬೇಕಾದ ಒಂದು ಕಲ್ಲು ಅವನ ಬಳಿ ಇದೆ, ಕೊಡುವುದಿಲ್ಲ. ಅವನೊಂದಿಗೆ ಕಾದಾಡುವ ದಾರಿ ಇಲ್ಲ. ನಾನೂರು ವರ್ಷ ಹಿಂದಕ್ಕೆ ಹೋಗಿ ಅದೇ ಮನೆತನದ ಹೆಂಗಸಿಗೆ ಒಣಮಾಂಸದ ಒಂದು ಪೊಟ್ಟಣವನ್ನು ದುಡ್ಡು ತೆಗೆದುಕೊಳ್ಳದೆ ಕೊಡಬೇಕು. ಅದನ್ನು ನಾವು 9,900 ನಾಣ್ಯ ಕೊಟ್ಟು ಕೊಂಡಿರುತ್ತೇವೆ; ಅವಳು ಹತ್ತು ಸಾವಿರ ಕೊಡಲು ಬರುತ್ತಾಳೆ, ಬೇಡ ಎನ್ನಬೇಕು. ಆ ಉಪಕಾರದ ನೆನಪು ಮನೆತನದಲ್ಲಿ ಇಳಿದು ಬಂದು, ಮರಳಿ ಹೋದಾಗ ಆ ಮುಖ್ಯಸ್ಥ ಉದಾರಿಯಾಗಿರುತ್ತಾನೆ.

ಕಾಡಿನ ಭಾಗಕ್ಕೆ ಒಂದು ಮುಂದುವರಿಕೆ ಇದೆ. ರೋಬೊನನ್ನು ರಿಪೇರಿ ಮಾಡಿ, ಅದೇ ಕಾಡಿನಲ್ಲಿ ಬೆಂಕಿ ಹಾಕಿಕೊಂಡು ಎಲ್ಲರೂ ರಾತ್ರಿ ಕೂರುತ್ತಾರೆ. ನಾನೂರು ವರ್ಷ ಒಬ್ಬನೇ ಯೋಚಿಸಿದ್ದನ್ನು ರೋಬೊ ಹೇಳುತ್ತಾನೆ: ಕಾಲದ ಈ ಬಾಗಿಲುಗಳು ತಾವಾಗಿ ತೆರೆದದ್ದಲ್ಲ, ಯಾರೋ ತನ್ನ ಬದುಕಿನ ಮುಖ್ಯ ಗಳಿಗೆಗಳನ್ನು ಮತ್ತೆ ನೋಡಬೇಕೆಂದು ಬಯಸಿರಬೇಕು ಎಂದು. ನಿನಗೆ ಯಾವ ಗಳಿಗೆಗೆ ಮರಳಬೇಕು ಎಂದು ಮಾತು ಬೆಳೆಯುತ್ತದೆ. ಎಲ್ಲರೂ ಮಲಗಿದ ಮೇಲೆ ಲೂಕಳಿಗೆ ಎಚ್ಚರವಾಗುತ್ತದೆ. ಕಾಡಿನಲ್ಲಿ ಒಂದು ಕೆಂಪು ಬಾಗಿಲು ತೆರೆದಿದೆ. ಒಳಗೆ ಹೋದರೆ ಅವಳ ಬಾಲ್ಯದ ಮನೆ. ತಂದೆಯ ಯಂತ್ರಕ್ಕೆ ತಾಯಿ ಲಾರಾಳ ಬಟ್ಟೆ ಸಿಕ್ಕಿಕೊಂಡು ಅವಳ ಕಾಲು ಶಾಶ್ವತವಾಗಿ ಹೋದ ದಿನ ಅದು. ಯಂತ್ರ ನಿಲ್ಲಿಸಲು ಒಂದು ಸಂಕೇತ ಒತ್ತಬೇಕು. ಸಂಕೇತ ತಂದೆ ಪ್ರೀತಿಸಿದವಳ ಹೆಸರು ಎಂದು ಮನೆಯಲ್ಲಿನ ಒಂದು ಚೀಟಿ ತಿಳಿಸುತ್ತದೆ. ಎಲ್, ಎ, ಆರ್, ಎ: ಆ ನಾಲ್ಕೂ ನಮ್ಮ ಕೈಯಲ್ಲಿರುವ ಯಂತ್ರದ ಗುಂಡಿಗಳೇ. ಕೆಲವೇ ಕ್ಷಣ ಸಮಯ. ತಪ್ಪಿದರೆ ಆಟ ದಂಡಿಸುವುದಿಲ್ಲ, ಕತೆ ಮುಂದೆ ಹೋಗುತ್ತದೆ. ಲೂಕಳ ಮನೆಗೆ ಹೋದಾಗಲೆಲ್ಲ ತಾಯಿ ಕುರ್ಚಿಯಲ್ಲೇ ಕೂತಿರುತ್ತಾಳೆ.

ಸೈಬರಿನ ದಿನಗಳಲ್ಲಿ ಗೆಳೆಯನ ಖಾನೆಯಲ್ಲಿ ಆ ತಾಯಿ ಕುರ್ಚಿಯಲ್ಲೇ ಉಳಿದಿದ್ದಳು. ಆಗ ನಾವು ಚೀಟಿ ಓದುವಷ್ಟು ನಿಧಾನಿಗಳಾಗಿರಲಿಲ್ಲ. ಆ ಭಾನುವಾರ ಲೂಕಳ ಮನೆ ಬರುತ್ತಿದ್ದಂತೆ ಯಂತ್ರವನ್ನು ಅವನ ಕೈಗೆ ಕೊಟ್ಟೆ. ಅವನೇ ಒತ್ತಿದ. ಲಾರಾ ಉಳಿದಳು. ಅವನ ತಾಯಿ ತೀರಿಕೊಂಡು ಕೆಲವು ವರ್ಷಗಳಾಗಿವೆ. ನಾವಿಬ್ಬರೂ ಅದರ ಮಾತೆತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು, “ಆ ಹಳೇ ಫ್ಲಾಪಿ ಇದ್ಯಾ? ಅದರಲ್ಲೂ ಸರಿ ಮಾಡಬಹುದಿತ್ತಾ?” ಎಂದು ಕೇಳಿದ. ಹೊಸ ಖಾನೆಯಲ್ಲಿ ಲಾರಾ ನಡೆದಾಡುತ್ತಿದ್ದರೂ ಅವನಿಗೆ ತೃಪ್ತಿಯಾಗಲಿಲ್ಲ. ಅವನು ಕೇಳಿದ್ದು ತಾನು ಹದಿನಾರರಲ್ಲಿ ಕುರ್ಚಿಯಲ್ಲಿ ಬಿಟ್ಟುಬಂದ ಅವಳನ್ನು. ಕಾದಂಬರಿಯ ಹಳೆಯ ಪ್ರತಿಯನ್ನು ತೆರೆದರೆ ನಾವು ಅಂಚಿನಲ್ಲಿ ಗೀಚಿದ್ದು ಸಿಗಬಹುದು, ಆದರೆ ಕತೆಯೊಳಗೆ ನಾವು ಮಾಡಿದ್ದು ಇರುವುದಿಲ್ಲ. ಆಟದ ನೆನಪಿನ ಫೈಲಿನಲ್ಲಿ ಅದು ಇರುತ್ತದೆ. ಬೇರೆ ಯಾವ ಕಥನ ಪ್ರಕಾರವೂ ಓದುಗನ ಹಳೆಯ ನಡತೆಯನ್ನು ಹೀಗೆ ಎತ್ತಿಟ್ಟುಕೊಳ್ಳುವುದನ್ನು ನಾನು ಕಂಡಿಲ್ಲ.

ಫ್ಲಾಪಿ ಸಿಕ್ಕಿತು, ಓದಲಾಗಲಿಲ್ಲ. ನಮ್ಮ ಮಳೆಗಾಲ ನಿಮಗೆ ಗೊತ್ತು; ತಟ್ಟೆಯ ಮೇಲೆಲ್ಲ ಬೂಷ್ಟು ಹಿಡಿದಿತ್ತು. ‘ಗುಡ್ಡ’ ಎಂಬ ಹೆಸರಿನ ನಾಯಕನೂ, ಆ ತಾಯಿಯೂ ಅದರೊಳಗೇ ಹೋದರು. ಕ್ಯಾಸೆಟ್ಟಿನ ಬ್ಯಾಟರಿಯ ಮಾತಿಗೆ ಮರಳುತ್ತೇನೆಂದಿದ್ದೆ. 1990ರ ದಶಕದ ಇಂಥ ಕ್ಯಾಸೆಟ್ಟುಗಳ ಬ್ಯಾಟರಿಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಆಟ ಉಳಿಯುತ್ತದೆ, ಅದು ಚಿಪ್ಪಿನಲ್ಲಿ ಅಚ್ಚಾಗಿದೆ. ಆಡಿದವರ ನೆನಪು ಅಳಿಸಿಹೋಗುತ್ತದೆ. ಇದಕ್ಕೆ ಮೊದಲೇ ಆ ನೆನಪನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಸಣ್ಣ ಸಲಕರಣೆಗಳಿವೆ. ಇಳಿಸಿಕೊಂಡ ಮೇಲೆ ಹಳೆಯ ಬ್ಯಾಟರಿ ಬಿಚ್ಚಿ ಹೊಸದನ್ನು ಬೆಸುಗೆ ಹಾಕಬೇಕು. ಇದು ನಮ್ಮ ಮೊಬೈಲ್ ರಿಪೇರಿ ಅಂಗಡಿಯ ಹುಡುಗರು ಮಾಡಬಲ್ಲ ಕೆಲಸ.

ಆದ್ದರಿಂದ ಈ ದತ್ತಿಯ ಸಮಿತಿಯವರಲ್ಲಿ, ಇಲ್ಲಿರುವ ಕಾಲೇಜಿನ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ನಾವು ತಾಳೆಗರಿ ಕೂಡಿಟ್ಟಿದ್ದೇವೆ, ಗಮಕದ ಧ್ವನಿಮುದ್ರಿಕೆ ಕೂಡಿಡುತ್ತಿದ್ದೇವೆ. ಶಿವಮೊಗ್ಗ, ಭದ್ರಾವತಿಯ ಮನೆಗಳ ಅಟ್ಟದಲ್ಲಿ ಬಿದ್ದಿರುವ ಟಿವಿ ಗೇಮುಗಳು, ಕ್ಯಾಸೆಟ್ಟುಗಳು, ಮುಚ್ಚಿದ ಸೈಬರ್ ಸೆಂಟರುಗಳ ಹಾರ್ಡ್ ಡಿಸ್ಕುಗಳು ಇವನ್ನೂ ಒಂದು ಕಪಾಟಿನಲ್ಲಿ ಸೇರಿಸೋಣ. ಆಡಿದವರನ್ನು ಕೂರಿಸಿ, ನಾಯಕನಿಗೆ ಏನು ಹೆಸರಿಟ್ಟಿರಿ, ಯಾರೊಂದಿಗೆ ಆಡಿದಿರಿ, ಎಲ್ಲಿ ನಿಲ್ಲಿಸಿದಿರಿ ಎಂದು ಕೇಳಿ ಬರೆದಿಡೋಣ. ಕಥನಶಾಸ್ತ್ರದ ಪಾಠದಲ್ಲಿ ಜಾತ್ರೆ ಮತ್ತು ನ್ಯಾಯಾಲಯದ ಆ ಎರಡು ಗಂಟೆಯ ಭಾಗವನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು ಆಡಿಸಿ, ಆಮೇಲೆ ಚರ್ಚೆ ಮಾಡಿ. ಆಟವನ್ನು ಕನ್ನಡದಲ್ಲಿ ಓದಲು ಇವತ್ತಿಗೂ ಆಗುವುದಿಲ್ಲ. ರೋಬೊ ಕಾಡಿನಲ್ಲಿ ಹೇಳುವ ಮಾತನ್ನು ನಮ್ಮ ಮಕ್ಕಳು ಇಂಗ್ಲಿಷಿನಲ್ಲೇ ಓದಬೇಕಾಗಿದೆ. ಅನುವಾದದ ಕಮ್ಮಟಗಳಲ್ಲಿ ಆ ಒಂದು ರಾತ್ರಿಯ ಸಂಭಾಷಣೆಯನ್ನಾದರೂ ಅಭ್ಯಾಸಕ್ಕೆ ಇಡಬಹುದು.

ಡಿಎಸ್ ಯಂತ್ರವನ್ನು ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇನೆ. ಮೂರು ಖಾನೆಗಳಲ್ಲಿ ಒಂದು ಖಾಲಿ ಇದೆ. ಆಡಿ ನೋಡಬೇಕೆನ್ನುವವರು ಚಹಾದ ಹೊತ್ತಿನಲ್ಲಿ ಬನ್ನಿ. ಪ್ರಶ್ನೆ ಇದ್ದವರು ಈಗಲೇ ಕೇಳಬಹುದು.